ಪದಚರ್ಚೆ: ವಿಮಾನವನ್ನು ಬೇಕಂತಲೇ ‘ಸ್ಲಿಪ್’ ಮಾಡಿ ಇಳಿಸುವುದಕ್ಕೆ ಏನೆನ್ನೋಣ?

ಗೆಳೆಯರೇ,

ಚಿಕ್ಕಬಳ್ಳಾಪುರದ ಪಿಯು ಮಕ್ಕಳಿಗಾಗಿ ಸಣ್ಣ ವಿಮಾನಗಳ ಬಗ್ಗೆ ಒಂದು ಬರಹ ಮಾಡುತ್ತಿದ್ದೇನೆ. ಫ್ಲ್ಯಾಪ್ ಕೆಟ್ಟಾಗ ಉದ್ದ ಸಾಲದ ರನ್‌ವೇ ಮೇಲೆ ಇಳಿಯುವುದು ಹೇಗೆ ಅನ್ನುವ ಕಡೆ ಬರಹ ನಿಂತಿದೆ. ರನ್‌ವೇ, ಫ್ಲ್ಯಾಪ್, ಬ್ರೇಕ್ ಇವನ್ನೆಲ್ಲ ಮುಟ್ಟಿಲ್ಲ. ‘ಧಾವನಪಥ’ ಅಂತ ಬರೆದರೆ ಮಕ್ಕಳು ಅಲ್ಲಿಗೇ ಓದು ಬಿಡುತ್ತಾರೆ. ತೊಡಕಿರುವುದು ಎರಡೇ ಪದದಲ್ಲಿ: ಸ್ಲಿಪ್ ಮತ್ತು ಸ್ಟಾಲ್.

ಮೊದಲು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪದ ಹುಡುಕಿ ಪ್ರಯೋಜನವಿಲ್ಲ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಕ್ಕೆ ಬಾಗುವ ಭಾಗವೇ ಫ್ಲ್ಯಾಪ್. ಅದನ್ನು ಇಳಿಸಿದರೆ ರೆಕ್ಕೆ ಕಡಿಮೆ ವೇಗದಲ್ಲೂ ವಿಮಾನವನ್ನು ಹೊರುತ್ತದೆ, ಜೊತೆಗೆ ಗಾಳಿಯ ತಡೆ ಹೆಚ್ಚಿ ವೇಗ ಏರದೆ ಕಡಿದಾಗಿ ಇಳಿಯಬಹುದು. ಸೆಸ್ನಾ 172ಎಸ್ ಅನ್ನುವ ಸಣ್ಣ ವಿಮಾನದಲ್ಲಿ ಫ್ಲ್ಯಾಪ್ ಪೂರ್ತಿ ಇಳಿಸಿದ್ದರೆ ವೇಗದ ಮೀಟರು ಸುಮಾರು 40 ನಾಟ್‌ಗೆ ಬರುವ ತನಕ ರೆಕ್ಕೆ ವಿಮಾನವನ್ನು ಹೊರುತ್ತದೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಫ್ಲ್ಯಾಪ್ ಇಲ್ಲದಿದ್ದರೆ 48ಕ್ಕೇ ಕೈಕೊಡುತ್ತದೆ, ಅಂದರೆ ವಿಮಾನವನ್ನು ಹೊರುವ ಬಲ ಕುಸಿಯುತ್ತದೆ; ಇದೇ ಸ್ಟಾಲ್. ಹಾಗಾಗಿ ಜಾಸ್ತಿ ವೇಗದಲ್ಲೇ ಬರಬೇಕು, ಮೂಗು ಮೇಲೆದ್ದಿರುವುದರಿಂದ ರನ್‌ವೇ ಸರಿಯಾಗಿ ಕಾಣುವುದಿಲ್ಲ, ನೆಲದ ಹತ್ತಿರ ಬಂದ ಮೇಲೂ ಗಾಲಿ ಊರದೆ ಸುಮ್ನೆ ತೇಲಿಕೊಂಡು ಮುಂದೆ ಹೋಗುತ್ತಲೇ ಇರುತ್ತದೆ. (ಇಲ್ಲಿ ‘ತೇಲು’ ಚೆನ್ನಾಗಿ ಒಗ್ಗುತ್ತದೆ, ಅದರ ಬಗ್ಗೆ ಚರ್ಚೆ ಬೇಡ.) ಆ ವಿಮಾನದ ಕೈಪಿಡಿಯೇ ಇಳಿಯಲು 35% ಹೆಚ್ಚು ಜಾಗ ಇಟ್ಟುಕೊಳ್ಳಿ ಅನ್ನುತ್ತದೆ. ಅದರ ಮೇಲೆ ನಮ್ಮ ಕಡೆಯ ಎತ್ತರ ಬೇರೆ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣವಾಗಲಿ ಚಿಕ್ಕಬಳ್ಳಾಪುರವಾಗಲಿ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿವೆ. ಇಲ್ಲಿ ಗಾಳಿ ತೆಳು, ಆದ್ದರಿಂದ ಮೀಟರು ಅದೇ ಅಂಕಿ ತೋರಿಸಿದರೂ ನಿಜವಾದ ವೇಗ ಕರಾವಳಿಗಿಂತ 5% ಹತ್ತಿರ ಜಾಸ್ತಿ ಇರುತ್ತದೆ. ಏಪ್ರಿಲ್ ಬಿಸಿಲಲ್ಲಿ ಇನ್ನೂ ಜಾಸ್ತಿ. ಹತ್ತಿರದಲ್ಲಿ ಉದ್ದದ ರನ್‌ವೇ ಇದ್ದರೆ ಅಲ್ಲಿಗೆ ಹೋಗುವುದೇ ಜಾಣತನ, ಅಲ್ವಾ?

ಹೋಗಲಾಗದಿದ್ದರೆ ಪೈಲಟ್ ಸ್ಲಿಪ್ ಮಾಡುತ್ತಾನೆ. ಒಂದು ರೆಕ್ಕೆ ತಗ್ಗಿಸಿ, ಕಾಲಿನಿಂದ ಚುಕ್ಕಾಣಿಯನ್ನು ಅದರ ಎದುರು ದಿಕ್ಕಿಗೆ ಒತ್ತುತ್ತಾನೆ. ಆಗ ವಿಮಾನದ ಪಕ್ಕೆಗೇ ಗಾಳಿ ಬಡಿಯುತ್ತದೆ. ತಡೆ ಹೆಚ್ಚುತ್ತದೆ, ವೇಗ ಏರದೆ ಎತ್ತರ ಕಳೆಯುತ್ತದೆ. ನೆಲ ಮುಟ್ಟುವ ಮುಂಚೆ ನೆಟ್ಟಗೆ ಮಾಡಿಕೊಳ್ಳಬೇಕು.

ಇದನ್ನು ‘ಜಾರು’ ಅಂದರೆ ಕೆಟ್ಟಿತು. ಕನ್ನಡ ಪತ್ರಿಕೆ ಓದುವವರಿಗೆ ‘ರನ್‌ವೇಯಿಂದ ಜಾರಿದ ವಿಮಾನ’ ಅಂದರೆ ಅಪಘಾತ. 1983ರ ಜುಲೈ 23ರಂದು ಕೆನಡಾದಲ್ಲಿ ಇಂಧನ ಮುಗಿದ ಬೋಯಿಂಗ್ 767 ಒಂದನ್ನು ಕ್ಯಾಪ್ಟನ್ ಬಾಬ್ ಪಿಯರ್ಸನ್ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಫ್ಲ್ಯಾಪ್ ಕೆಲಸ ಮಾಡುತ್ತಿರಲಿಲ್ಲ, ಎತ್ತರ ಜಾಸ್ತಿಯಾಗಿತ್ತು, ಅವರು ಗ್ಲೈಡರ್ (ಇಂಜಿನ್ ಇಲ್ಲದ ವಿಮಾನ) ಹಾರಿಸಿ ಪಳಗಿದವರಾದ್ದರಿಂದ ಅಷ್ಟು ದೊಡ್ಡ ವಿಮಾನವನ್ನೇ ಸ್ಲಿಪ್ ಮಾಡಿದರು, ಒಂದು ಜೀವವೂ ಹೋಗಲಿಲ್ಲ. ಈಗ ‘ಪಿಯರ್ಸನ್ ವಿಮಾನವನ್ನು ಜಾರಿಸಿದರು’ ಅಂತ ಬರೆದು ನೋಡಿ. ಅವರ ಕೈಚಳಕವೇ ತಪ್ಪಾಗಿ ಕೇಳಿಸುತ್ತದೆ.

‘ವಾಲಿಸು’ ಅರ್ಧ ಕೆಲಸ ಮಾಡುತ್ತದೆ. ರೆಕ್ಕೆ ತಗ್ಗಿದ್ದು ಬಂತು, ಮೈ ಅಡ್ಡವಾದದ್ದು ಬರಲಿಲ್ಲ. ನನಗೆ ಒಪ್ಪಿಗೆಯಾಗಿರುವುದು ‘ವಾರೆ ಮಾಡು’. ಬೀರು ಬಾಗಿಲಲ್ಲಿ ಹಿಡಿಸದಿದ್ದರೆ ‘ಸ್ವಲ್ಪ ವಾರೆ ಮಾಡಿ ತನ್ನಿ’ ಅಂತೀವಲ್ಲ, ಅಲ್ಲಿ ಮಾಡುವವನಿಗೆ ತಾನೇನು ಮಾಡುತ್ತಿದ್ದೇನೆ ಅಂತ ಗೊತ್ತಿರುತ್ತದೆ. ಒಂದೇ ತಕರಾರು. ಅಡ್ಡಗಾಳಿಯಲ್ಲಿ ರೆಕ್ಕೆ ಸಮವಾಗಿಟ್ಟು ಮೂಗನ್ನು ಗಾಳಿಯ ಕಡೆ ತಿರುಗಿಸಿಕೊಂಡು ಬರುವ ‘ಕ್ರ್ಯಾಬ್’ ಅಂತ ಇನ್ನೊಂದಿದೆ. ನೆಲದಿಂದ ನೋಡಿದರೆ ಅದೂ ವಾರೆಯೇ. ಆದರೆ ಗಾಳಿಯ ಲೆಕ್ಕದಲ್ಲಿ ಅದು ನೆಟ್ಟಗೇ ಹಾರುತ್ತಿರುತ್ತದೆ. ಎರಡಕ್ಕೂ ಒಂದೇ ಪದವಾದರೆ ಗೊಂದಲ.

ಇನ್ನು ಸ್ಟಾಲ್. ಹಾಗೇ ಬಿಟ್ಟರೆ ಮಕ್ಕಳಿಗೆ ಬಜ್ಜಿ ಸ್ಟಾಲ್ ನೆನಪಾಗುತ್ತದೆ. ‘ಸ್ಥಗಿತ’ ಅಂದರೆ ಇಂಜಿನ್ ನಿಂತಿತು ಅಂದುಕೊಳ್ಳುತ್ತಾರೆ. ಇಂಜಿನ್ ಜೋರಾಗಿ ಓಡುತ್ತಿದ್ದರೂ ರೆಕ್ಕೆ ಸ್ಟಾಲ್ ಆಗಬಹುದು. ಆಷಾಢದ ಗಾಳಿಪಟದ ‘ಗೋತಾ ಹೊಡೆ’ ಕೇಳಲು ಸೊಗಸು. ಆದರೆ ಗೋತಾ ಆಮೇಲಿನ ಕಥೆ, ಪೈಲಟ್ ತಕ್ಷಣ ಮೂಗು ತಗ್ಗಿಸಿದರೆ ಅದು ಆಗುವುದೇ ಇಲ್ಲ. ಸದ್ಯಕ್ಕೆ ಮೇಲೆ ಬರೆದಂತೆ ‘ರೆಕ್ಕೆ ಕೈಕೊಡು’ ಅಂತಲೇ ಇಟ್ಟಿದ್ದೇನೆ. ಪರೀಕ್ಷೆಯಲ್ಲಿ ಉತ್ತರ ಬರೆಯುವ ಮಕ್ಕಳಿಗೆ ಇದು ತೀರಾ ಮಾತಿನ ಧಾಟಿ ಆಯಿತೇ?

ಮುಳಬಾಗಿಲು, ಶ್ರೀನಿವಾಸಪುರ ಕಡೆಯವರು ‘ವಾರೆ’ ಮತ್ತು ‘ಓರೆ’ಯನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತೀರಾ? ಬಳಸುವುದಾದರೆ ಸ್ಲಿಪ್‌ಗೆ ಒಂದು, ಕ್ರ್ಯಾಬ್‌ಗೆ ಒಂದು ಹಂಚಿಬಿಡಬಹುದು. ಬರಿ ಅರ್ಥ ಬೇಡ, ಮನೆಯಲ್ಲಿ ಆಡುವ ಒಂದೊಂದು ವಾಕ್ಯ ಬರೆಯಿರಿ.