ಇಲಿಯ ವಿ1: ಎಫ್1/ಎಫ್0 ಎಲ್ಲ ಕೋಶಕ್ಕೂ 1ರ ಕೆಳಗೆ, ಓಎಸ್‌ಐ ಕೆಲವಕ್ಕೆ 1ರ ಮೇಲೆ. ಲೆಕ್ಕ ಎಲ್ಲಿ ತಪ್ಪಿದೆ?

ಪದರ_ನಾಲ್ಕು
ಎಚ್ಚರವಿರುವ ಇಲಿಯ ವಿ1, ಅಂದರೆ ಪ್ರಾಥಮಿಕ ದೃಷ್ಟಿ ಕಾರ್ಟೆಕ್ಸ್‌ನಿಂದ ಸಿಲಿಕಾನ್ ಪ್ರೋಬ್‌ನಲ್ಲಿ ತೆಗೆದ ಡೇಟಾ. ತೆರೆಯ ಮೇಲೆ ಚಲಿಸುವ ಗ್ರೇಟಿಂಗ್ ಪಟ್ಟೆಗಳು: 30 ಡಿಗ್ರಿ ಅಂತರದಲ್ಲಿ 12 ದಿಕ್ಕು, ಡಿಗ್ರಿಗೆ 0.04 ಸೈಕಲ್, 2 ಹರ್ಟ್ಸ್, ಒಂದೊಂದು ಸಲ 2 ಸೆಕೆಂಡು, ದಿಕ್ಕಿಗೆ 10 ಟ್ರಯಲ್. ಆರಂಭದ ಫೇಸ್ (ಪಟ್ಟೆಗಳು ಶುರುವಾಗುವ ಜಾಗ) ಪ್ರತಿ ಟ್ರಯಲ್‌ಗೂ ರ‍್ಯಾಂಡಮ್. ನಡುನಡುವೆ ಬೂದು ತೆರೆ.

10 ಟ್ರಯಲ್‌ಗಳ ಸರಾಸರಿ ಪಿಎಸ್‌ಟಿಎಚ್‌ನಿಂದ (ಕೋಶದ ಸ್ಪೈಕ್, ಅಂದರೆ ವಿದ್ಯುತ್ ಮಿಡಿತಗಳ ದರ ಕಾಲಕ್ಕೆ ತಕ್ಕಂತೆ ತೋರುವ ನಕ್ಷೆ) ಎಫ್1/ಎಫ್0 (ಪಟ್ಟೆಗಳ 2 ಹರ್ಟ್ಸ್ ಲಯದಲ್ಲಿ ಏರಿಳಿಯುವ ಸ್ಪಂದನೆ ಭಾಗಿಸು ಸರಾಸರಿ ದರ; 1 ದಾಟಿದರೆ ಸಿಂಪಲ್ ಕೋಶ, ಇಲ್ಲದಿದ್ದರೆ ಕಾಂಪ್ಲೆಕ್ಸ್) ತೆಗೆದರೆ ಒಂದೂ ಕೋಶ 1 ದಾಟುತ್ತಿಲ್ಲ, ಎಲ್ಲವೂ ಕಾಂಪ್ಲೆಕ್ಸ್. ಒಂದೊಂದೇ ಟ್ರಯಲ್‌ನ ಅನುಪಾತ ತೆಗೆದು ಸರಾಸರಿ ಮಾಡಿದರೆ ಉಲ್ಟಾ, ಬಹುಪಾಲು ಸಿಂಪಲ್. ಓಎಸ್‌ಐ (ಕೋನದ ಆಯ್ಕೆ ಎಷ್ಟು ಎನ್ನುವ ಸೂಚ್ಯಂಕ: ಮೆಚ್ಚಿನ ಕೋನದ ಮತ್ತು ಲಂಬ ಕೋನದ ದರಗಳ ವ್ಯತ್ಯಾಸ ಭಾಗಿಸು ಮೊತ್ತ) ಕೂಡ ಕೆಲವಕ್ಕೆ 1.3, 1.6 ಬರುತ್ತಿದೆ. ಯಾವುದನ್ನು ನಂಬುವುದು?

ಸ್ಪೈಕ್‌ಗಣಿತ
ಎರಡನ್ನೂ ನಂಬಬೇಡಿ. ಇಲಿಯ ವಿ1ರ ಮೇಲ್ಪದರಗಳಲ್ಲಿ ಸಿಂಪಲ್ ಕೋಶಗಳು ಧಾರಾಳ. ಒಂದೂ ಸಿಗಲಿಲ್ಲ ಅಂದರೆ ಇಲಿಯನ್ನಲ್ಲ, ಕೋಡನ್ನು ಅನುಮಾನಿಸಬೇಕು.

ಕಳ್ಳ ಆ ರ‍್ಯಾಂಡಮ್ ಫೇಸ್. ಹ್ಯೂಬೆಲ್ ಮತ್ತು ವೀಸೆಲ್ 1962ರಲ್ಲಿ ಬೆಕ್ಕಿನಲ್ಲಿ ವಿವರಿಸಿದ ಸಿಂಪಲ್ ಕೋಶದ ಗ್ರಾಹಕ ಕ್ಷೇತ್ರದಲ್ಲಿ (ಕೋಶ ನೋಡುವ ಜಾಗದಲ್ಲಿ) ಬೆಳಕಿಗೆ ಸ್ಪಂದಿಸುವ ಆನ್, ಕತ್ತಲಿಗೆ ಸ್ಪಂದಿಸುವ ಆಫ್ ಪಟ್ಟಿಗಳು ಪಕ್ಕಪಕ್ಕ ಇರುತ್ತವೆ. ಬಿಳಿ ಪಟ್ಟೆ ಆನ್ ಮೇಲೆ ಬಂದಾಗ ಸ್ಪೈಕ್ ಸುರಿಮಳೆ, ಅರ್ಧ ಸೈಕಲ್ ಕಳೆದು ಆಫ್ ಮೇಲೆ ಬಂದಾಗ ಮೌನ. 2 ಹರ್ಟ್ಸ್‌ನಲ್ಲಿ ಸರಿಸುಮಾರು 250 ಮಿಲಿಸೆಕೆಂಡು ಸದ್ದು, 250 ಮೌನ. ಟ್ರಯಲ್‌ನಿಂದ ಟ್ರಯಲ್‌ಗೆ ಫೇಸ್ ಜರುಗಿದರೆ ಒಂದರ ಮೌನವನ್ನು ಇನ್ನೊಂದರ ಸದ್ದು ತುಂಬುತ್ತದೆ. ಸರಾಸರಿ ಚಪ್ಪಟೆ, ಕೋಶ "ಕಾಂಪ್ಲೆಕ್ಸ್".

ಟ್ರಯಲ್‌ವಾರು ಲೆಕ್ಕದ ರೋಗ ಬೇರೆ. ಇಡೀ ಟ್ರಯಲ್‌ನಲ್ಲಿ ಒಂದೇ ಸ್ಪೈಕ್ ಬಂದರೆ ಎಫ್1/ಎಫ್0 ಕಣ್ಣುಮುಚ್ಚಿ 2! ಮನಬಂದಂತೆ ಬಿದ್ದ ಮೂರು ಸ್ಪೈಕ್ ಇದ್ದರೂ ಸರಾಸರಿ 1ರ ಹತ್ತಿರ ಬರುತ್ತದೆ.

ಹೀಗೆ ಮಾಡಿ: ಮೊದಲ 500 ಮಿಲಿಸೆಕೆಂಡು ಬಿಡಿ, ಅಲ್ಲಿ ಆನ್‌ಸೆಟ್ ಸದ್ದು ಸೇರಿಕೊಂಡಿರುತ್ತದೆ. ಉಳಿದ ಪೂರ್ತಿ ಮೂರು ಸೈಕಲ್‌ಗಳಲ್ಲಿ ಪ್ರತಿ ಟ್ರಯಲ್‌ಗೂ ಎಫ್1 ಅನ್ನು ಸಂಕೀರ್ಣ ಸಂಖ್ಯೆಯಾಗಿಯೇ ಇಟ್ಟುಕೊಳ್ಳಿ. ಆ ಟ್ರಯಲ್‌ನ ಆರಂಭದ ಫೇಸ್‌ನಷ್ಟು ಅದನ್ನು ತಿರುಗಿಸಿ, ಸಂಕೀರ್ಣ ಸಂಖ್ಯೆಗಳ ಸರಾಸರಿ ಮಾಡಿ, ಕೊನೆಯಲ್ಲಷ್ಟೇ ಅದರ ಪರಿಮಾಣ ತೆಗೆಯಿರಿ. ತಿರುಗಿಸುವ ದಿಕ್ಕು ಪ್ಲಸ್ಸೋ ಮೈನಸ್ಸೋ ಎನ್ನುವುದು ಗ್ರೇಟಿಂಗ್ ಸೂತ್ರದಲ್ಲಿ ಕಾಲದ ಪದಕ್ಕೂ ಫೇಸ್‌ಗೂ ಇರುವ ಚಿಹ್ನೆಗಳ ಮೇಲೆ ನಿಂತಿದೆ. ಎಲ್ಲರೂ ಎಡವುವುದು ಇಲ್ಲೇ. ಪ್ರಚೋದಕದ ಕೋಡ್ ತೆರೆದು ನೋಡಿ, ಊಹಿಸಬೇಡಿ.

ಕೋನ_ದ್ವಿಗುಣ
ಓಎಸ್‌ಐ ವಿಷಯ. ಬೂದು ತೆರೆಯ ಬೇಸ್‌ಲೈನ್ ಕಳೆಯುತ್ತಿದ್ದೀರಿ ಅಲ್ವಾ? ಮೆಚ್ಚಿನ ಕೋನಕ್ಕೆ 4, ಲಂಬ ಕೋನಕ್ಕೆ ಮೈನಸ್ 1 ಉಳಿದರೆ (4+1)/(4−1) = 1.67. ಋಣ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟರೆ ಎಲ್ಲ ಬಂದು 1ರಲ್ಲಿ ಗುಡ್ಡೆ ಬೀಳುತ್ತವೆ, ಅದು ಇನ್ನೂ ಕೆಟ್ಟದ್ದು.

ಬೇಸ್‌ಲೈನ್ ಕಳೆಯದೆ 12 ದಿಕ್ಕುಗಳನ್ನೂ ವೆಕ್ಟರ್‌ಗಳಾಗಿ ಕೂಡಿಸಿ, ಮೊತ್ತದ ಉದ್ದವನ್ನು ಒಟ್ಟು ದರದಿಂದ ಭಾಗಿಸಿ. ಕೋನವನ್ನು ಎರಡರಿಂದ ಗುಣಿಸಲು ಮರೆಯಬೇಡಿ. ಮರೆತರೆ, ಎದುರುಬದುರು ದಿಕ್ಕುಗಳಿಗೆ ಸಮನಾಗಿ ಸ್ಪಂದಿಸುವ ಅಪ್ಪಟ ಓರಿಯೆಂಟೇಶನ್ ಕೋಶಕ್ಕೂ ಸೊನ್ನೆ ಬರುತ್ತದೆ.

ಇದಕ್ಕೂ ಸ್ಪೈಕ್ ಕೊರತೆಯ ಕಾಟ ಇದೆ. ಯಾವ ಆಯ್ಕೆಯೂ ಇಲ್ಲದ ಕೋಶ ಒಟ್ಟು 25 ಸ್ಪೈಕ್ ಕೊಟ್ಟರೆ ಸರಾಸರಿ 0.18 ತಾನಾಗಿಯೇ ಬರುತ್ತದೆ. ಹಾಗಾಗಿ ದಿಕ್ಕಿನ ಲೇಬಲ್‌ಗಳನ್ನು 1000 ಸಲ ಕಲೆಸಿ, ಆ ಹಂಚಿಕೆಯ 95ನೇ ಪರ್ಸೆಂಟೈಲ್ ದಾಟಿದವನ್ನಷ್ಟೇ ಇಟ್ಟುಕೊಳ್ಳಿ.

ಚಪ್ಪಟೆ_ತೆರೆ
ಒಂದು ಪಕ್ಕದ ಮಾತು: ಮಾನಿಟರ್ ದೂರ ಎಷ್ಟು? 52 ಸೆಂ.ಮೀ. ಅಗಲದ ತೆರೆ 25 ಸೆಂ.ಮೀ. ದೂರದಲ್ಲಿದ್ದರೆ ನಡುವಿನಲ್ಲಿ ಒಂದು ಡಿಗ್ರಿಗೆ 0.44 ಸೆಂ.ಮೀ., ಅಂಚಿನಲ್ಲಿ 0.91. ನಿಮ್ಮ 0.04 ಅಂಚಿನ ಕೋಶಕ್ಕೆ 0.08 ಆಗಿಬಿಟ್ಟಿರುತ್ತದೆ. ಗೋಲಾಕಾರ ತಿದ್ದುಪಡಿ ಹಾಕಿರದಿದ್ದರೆ ಅಂಚಿನ ಕೋಶಗಳನ್ನು ಬೇರೆ ಇಡಿ. ಇಲಿ ಓಡುತ್ತಿದ್ದ ಟ್ರಯಲ್‌ಗಳನ್ನೂ ಬೇರೆ ಮಾಡಿ. ಓಡುವಾಗ ವಿ1ರ ಸ್ಪಂದನೆ ಜೋರಾಗುತ್ತದೆ.

ಪದರ_ನಾಲ್ಕು
ಫೇಸ್ ಲಾಗ್‌ನಲ್ಲಿದೆ. ಆದರೆ ಎಲ್ಲ 0ರಿಂದ 1ರ ಒಳಗಿನ ಸಂಖ್ಯೆಗಳು. ಇದು ರೇಡಿಯನ್ನಾ?

ಸ್ಪೈಕ್‌ಗಣಿತ
ಅಲ್ಲ. ಪ್ರಚೋದಕ ತೋರಿಸುವ ತಂತ್ರಾಂಶ ಸೈಕೋಪೈ ಆಗಿದ್ದರೆ, ಅದು ಫೇಸನ್ನು ಸೈಕಲ್ ಲೆಕ್ಕದಲ್ಲಿ ಬರೆಯುತ್ತದೆ, 0.25 ಅಂದರೆ 90 ಡಿಗ್ರಿ. 2π ಇಂದ ಗುಣಿಸಿ ಆಮೇಲೆ ತಿರುಗಿಸಿ.