1380 ಕೋಟಿ ವರ್ಷದ ಬ್ರಹ್ಮಾಂಡದಲ್ಲಿ 4650 ಕೋಟಿ ಜ್ಯೋತಿರ್ವರ್ಷ ದೂರ ಹೇಗೆ ಕಾಣುತ್ತೆ? ಮತ್ತೆ ಇದೆಲ್ಲಾ ಕೊನೆಗೆ ಏನಾಗುತ್ತೆ?

ಸುಮ್ನೆ_ಕೇಳ್ದೆ

ನಮಸ್ಕಾರ ಎಲ್ಲರಿಗೂ. ಬಹಳ ದಿನದಿಂದ ತಲೆ ಕೊರೀತಿರೋ ಪ್ರಶ್ನೆ ಇದು, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಬ್ರಹ್ಮಾಂಡ ಹುಟ್ಟಿ 1380 ಕೋಟಿ ವರ್ಷ ಆಯ್ತು ಅಂತಾರೆ. ಬೆಳಕಿಗಿಂತ ಜೋರಾಗಿ ಯಾವುದೂ ಓಡಲ್ಲ ಅಂತಾನೂ ಅವರೇ ಹೇಳ್ತಾರೆ. ಹಾಗಿದ್ಮೇಲೆ ನಮಗೆ ಕಾಣೋದು ಹೆಚ್ಚಂದ್ರೆ 1380 ಕೋಟಿ ಜ್ಯೋತಿರ್ವರ್ಷ ದೂರದವರೆಗೆ ಇರಬೇಕು ತಾನೇ? ಆದ್ರೆ ಎಲ್ಲಿ ಓದಿದ್ರೂ ಕಾಣೋ ಬ್ರಹ್ಮಾಂಡದ ತ್ರಿಜ್ಯ 4650 ಕೋಟಿ, ಅಡ್ಡಳತೆ 9300 ಕೋಟಿ ಅಂತಿರುತ್ತೆ. ಇದು ಹೇಗೆ ತಾಳೆ ಆಗುತ್ತೆ? ಅದರಾಚೆ ಏನಿದೆ, ಗೋಡೆನಾ, ಖಾಲಿನಾ? ಹಿಗ್ಗುತ್ತೆ ಅಂದ್ರೆ ಎಲ್ಲಿಗೆ ಹಿಗ್ಗುತ್ತೆ?

ಇನ್ನೊಂದು, ಇದರ ಕೊನೆ ಹೇಗೆ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಒಬ್ರು ಹೆಪ್ಪುಗಟ್ಟುತ್ತೆ ಅಂತಾರೆ, ಇನ್ನೊಬ್ರು ಹರಿದುಹೋಗುತ್ತೆ ಅಂತಾರೆ, ಮತ್ತೊಬ್ರು ವಾಪಸ್ ಕುಸಿಯುತ್ತೆ ಅಂತಾರೆ. ಈಗಿನ ಲೆಕ್ಕಕ್ಕೆ ಯಾವುದು ಸರಿ? ದಯವಿಟ್ಟು ಬಲೂನ್ ಉದಾಹರಣೆ ಬೇಡ, ಅದನ್ನ ಕೇಳಿದಷ್ಟೂ ಬಲೂನಿನ ಒಳಗೆ ಏನಿದೆ ಅಂತಲೇ ಯೋಚನೆ ಹೋಗುತ್ತೆ.

ದೂರದರ್ಶಕ_ಪ್ರಿಯ

ಬಲೂನ್ ಬೇಡ ಅಂದಿದ್ದು ಒಳ್ಳೇದಾಯ್ತು, ನನಗೂ ಅದು ಆಗಲ್ಲ. ನೇರವಾಗಿ ಒಂದು ಬೆಳಕಿನ ಕಣದ ಕಥೆ ಹೇಳ್ತೀನಿ, ಅದರಲ್ಲೇ ಉತ್ತರ ಇದೆ.

ನಮಗೆ ಕಾಣೋ ಅತಿ ಹಳೇ ಬೆಳಕು ಅಂದ್ರೆ ಬಿಗ್ ಬ್ಯಾಂಗ್ ಆಗಿ 3 ಲಕ್ಷ 80 ಸಾವಿರ ವರ್ಷ ಆದ್ಮೇಲೆ ಹೊರಟಿದ್ದು. ಅದಕ್ಕೂ ಮುಂಚೆ ಎಲ್ಲಾ ಕಡೆ ಕುದಿಯೋ ಪ್ಲಾಸ್ಮಾ, ಬೆಳಕು ಎಲೆಕ್ಟ್ರಾನ್‌ಗಳಿಗೆ ಬಡಿದು ಬಡಿದು ಅಲ್ಲಲ್ಲೇ ಸುತ್ತಾಡ್ತಿತ್ತು. ಸುಮಾರು 3000 ಕೆಲ್ವಿನ್‌ಗೆ ತಣ್ಣಗಾದಾಗ ಪರಮಾಣುಗಳು ಕೂಡ್ಕೊಂಡು ದಾರಿ ಬಿಡ್ತು. ಈಗ ಅದೇ ಬೆಳಕು 1100 ಪಟ್ಟು ಹಿಗ್ಗಿ ಮೈಕ್ರೋವೇವ್ ಆಗಿ 2.7 ಕೆಲ್ವಿನ್‌ನಲ್ಲಿ ನಮಗೆ ಸಿಗ್ತಿದೆ, ಪೆಂಜಿಯಾಸ್ ಮತ್ತು ವಿಲ್ಸನ್ 1965ರಲ್ಲಿ ತಮ್ಮ ಆಂಟೆನಾದಲ್ಲಿ ಹೋಗದೇ ಇರೋ ಗೊರಗೊರ ಅಂತ ವರದಿ ಮಾಡಿದ್ದು ಇದನ್ನೇ.

ಈಗ ಮಜಾ ನೋಡಿ. ಆ ಬೆಳಕು ಹೊರಟ ಜಾಗ ಆವಾಗ ನಮ್ಮಿಂದ (ಅಂದ್ರೆ ಮುಂದೆ ನಾವಾಗೋ ಜಾಗದಿಂದ) ಬರೀ 4.2 ಕೋಟಿ ಜ್ಯೋತಿರ್ವರ್ಷ ದೂರ ಇತ್ತು. ಇಷ್ಟು ಹತ್ತಿರದಿಂದ ಹೊರಟಿದ್ದಕ್ಕೆ ಬಂದು ಮುಟ್ಟೋಕೆ 1380 ಕೋಟಿ ವರ್ಷ ಬೇಕಾಯ್ತು, ಯಾಕಂದ್ರೆ ನಡುವಿನ ಜಾಗ ಅದು ಓಡೋದಕ್ಕಿಂತ ಜೋರಾಗಿ ಹಿಗ್ತಾ ಇತ್ತು. ನಮ್ಮ ಕಡೆ ಮುಖ ಮಾಡಿ ಓಡ್ತಿದ್ರೂ ಮೊದಲ ಸುಮಾರು 400 ಕೋಟಿ ವರ್ಷ ಅದು ನಮ್ಮಿಂದ ದೂರ ದೂರನೇ ಹೋಗ್ತಿತ್ತು, ಒಂದು ಹಂತದಲ್ಲಿ ಸುಮಾರು 580 ಕೋಟಿ ಜ್ಯೋತಿರ್ವರ್ಷ ದೂರ ಹೋಗಿ, ಹಿಗ್ಗೋ ವೇಗ ಕಮ್ಮಿ ಆಗ್ತಾ ಬಂದಿದ್ರಿಂದ ಆಮೇಲೆ ಹತ್ತಿರ ಬರೋಕೆ ಶುರು ಮಾಡ್ತು. ಅದು ಹೊರಟ ಜಾಗ ಮಾತ್ರ ಇವತ್ತಿಗೆ ಹಿಗ್ಗಿ ಹಿಗ್ಗಿ ಹತ್ತಿರಹತ್ತಿರ 4600 ಕೋಟಿ ಜ್ಯೋತಿರ್ವರ್ಷ ಆಚೆ ಹೋಗಿದೆ. 1380 ಅನ್ನೋದು ಪ್ರಯಾಣದ ಸಮಯ, 4650 ಅನ್ನೋದು ಇವತ್ತಿನ ದೂರ. ಎರಡನ್ನೂ ಒಂದೇ ಅಂತ ಹಿಡ್ಕೊಂಡಿದ್ದೇ ಗೊಂದಲಕ್ಕೆ ಕಾರಣ.

ಆಚೆ ಗೋಡೆ ಇಲ್ಲ. ಅಲ್ಲೂ ಗ್ಯಾಲಕ್ಸಿಗಳೇ ಇರಬೇಕು, ಅಲ್ಲಿರೋರಿಗೂ ನಾವು ಅವರ ಅಂಚಿನಲ್ಲಿ ಕಾಣ್ತೀವಿ. ಪ್ಲ್ಯಾಂಕ್ ಉಪಗ್ರಹದ ಅಳತೆ ಪ್ರಕಾರ ಬ್ರಹ್ಮಾಂಡದ ಜ್ಯಾಮಿತಿ ಸಪಾಟು (ಅಂದ್ರೆ ಸಮಾಂತರ ಗೆರೆಗಳು ಎಷ್ಟು ದೂರ ಹೋದ್ರೂ ಸಮಾಂತರವೇ), ಶೇ. 0.2ರ ಆಸುಪಾಸಿನ ತಪ್ಪಿನೊಳಗೆ. ಸಪಾಟು ಅಂದ ತಕ್ಷಣ ಅನಂತ ಅಂತ ಅಲ್ಲ, ಒಂದು ಕಡೆ ಹೋಗಿ ಇನ್ನೊಂದು ಕಡೆಯಿಂದ ವಾಪಸ್ ಬರೋ ಹಾಗೆ ಸುತ್ತಿಕೊಂಡೂ ಇರಬಹುದು, ಆದ್ರೆ ಹಾಗೆ ಸುತ್ತಿರೋದಕ್ಕೆ ಕುರುಹು ಇಲ್ಲಿತನಕ ಸಿಕ್ಕಿಲ್ಲ. ಎಲ್ಲಿಗೆ ಹಿಗ್ಗುತ್ತೆ ಅನ್ನೋದಕ್ಕೆ, ಎಲ್ಲಿಗೂ ಇಲ್ಲ. ಗ್ಯಾಲಕ್ಸಿಗಳ ನಡುವಿನ ದೂರ ಬೆಳೀತಿದೆ ಅಷ್ಟೇ, ಅದಕ್ಕೆ ಹೊರಗಡೆ ಅಂತ ಒಂದು ಜಾಗ ಬೇಕಿಲ್ಲ.

ಲೆಕ್ಕದ_ಮೇಷ್ಟ್ರು

ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ನಾನು ಎರಡು ಲೆಕ್ಕ ಸೇರಿಸ್ತೀನಿ. ಹಬಲ್ ಸ್ಥಿರಾಂಕ ಅಂದಾಜು 70 ಅಂತಿಟ್ಕೊಳಿ, ಅಂದ್ರೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಗ್ಯಾಲಕ್ಸಿ ದೂರ ಆಗೋ ವೇಗ ಸೆಕೆಂಡಿಗೆ 70 ಕಿಮೀ ಹೆಚ್ಚು. ಬೆಳಕಿನ ವೇಗ 3 ಲಕ್ಷ ಕಿಮೀ, ಅದನ್ನ 70ರಿಂದ ಭಾಗಿಸಿದ್ರೆ 4285 ಚಿಲ್ಲರೆ, ಅದಕ್ಕೆ 32.6 ಲಕ್ಷ ಗುಣಿಸಿದ್ರೆ ಸುಮಾರು 1400 ಕೋಟಿ. ಅದಕ್ಕಿಂತ ಆಚೆ ಇರೋ ಗ್ಯಾಲಕ್ಸಿಗಳು ಈಗ ನಮ್ಮಿಂದ ಬೆಳಕಿಗಿಂತ ಜೋರಾಗಿ ದೂರ ಆಗ್ತಿವೆ. ಐನ್‌ಸ್ಟೈನ್ ನಿಯಮ ಏನೂ ಮುರಿದಿಲ್ಲ, ಅವು ತಮ್ಮ ಜಾಗದಲ್ಲಿ ಹೆಚ್ಚುಕಮ್ಮಿ ಸುಮ್ನೇ ಇವೆ, ಜಾಗವೇ ಬೆಳೀತಿದೆ.

ಎರಡನೇದು ನನಗೆ ಹೆಚ್ಚು ಬೇಜಾರು ತರೋ ಲೆಕ್ಕ. ನೋಡೋಕೆ ಒಂದು ಗಡಿ ಇದ್ದ ಹಾಗೆ ಮುಟ್ಟೋಕೂ ಒಂದು ಗಡಿ ಇದೆ. ಇವತ್ತು ಸುಮಾರು 1650 ಕೋಟಿ ಜ್ಯೋತಿರ್ವರ್ಷಕ್ಕಿಂತ ಆಚೆ ಇರೋ ಗ್ಯಾಲಕ್ಸಿಗೆ ನೀವು ಈ ಕ್ಷಣ ಟಾರ್ಚ್ ಬಿಟ್ರೂ ಆ ಬೆಳಕು ಯಾವತ್ತಿಗೂ ತಲುಪಲ್ಲ, ಅವರು ಈಗ ಬಿಟ್ಟ ಬೆಳಕು ನಮಗೂ ಬರಲ್ಲ. 1650ನ್ನ 4650ರಿಂದ ಭಾಗಿಸಿ ಘನ ಮಾಡಿ, 0.045 ಬರುತ್ತೆ. ಅಂದ್ರೆ ಕಾಣೋ ಬ್ರಹ್ಮಾಂಡದ ಗಾತ್ರದಲ್ಲಿ ನೂರಕ್ಕೆ 95 ಪಾಲು ಆಗಲೇ ಕೈ ಬಿಟ್ಟು ಹೋಗಿದೆ, ನೋಡಬಹುದು, ಅದೂ ಹಳೇ ಬೆಳಕು, ಮುಟ್ಟೋ ಹಾಗಿಲ್ಲ.

ಕೆಂಪುಕುಬ್ಜ

ಕೊನೆ ಹೇಗೆ ಅನ್ನೋ ಭಾಗಕ್ಕೆ ನಾನು ಬರ್ತೀನಿ. ಗುರುತ್ವ ಒಳಗೆ ಎಳೆಯುತ್ತೆ, ಡಾರ್ಕ್ ಎನರ್ಜಿ ಹೊರಗೆ ತಳ್ಳುತ್ತೆ, ಎತ್ತು ಏರಿಗೆ ಕೋಣ ನೀರಿಗೆ ಅಂತಾರಲ್ಲ ಹಾಗೆ. ಮೊದಮೊದಲು ಗುರುತ್ವದ್ದೇ ಮೇಲುಗೈ, ಹಿಗ್ಗೋದು ನಿಧಾನ ಆಗ್ತಿತ್ತು. ಸುಮಾರು 500-600 ಕೋಟಿ ವರ್ಷದ ಹಿಂದೆ ಆಟ ಉಲ್ಟಾ ಆಯ್ತು. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾ (ಸಿಡಿಯೋ ನಕ್ಷತ್ರ) ಅಳೆದಾಗ ಅವು ಲೆಕ್ಕಕ್ಕಿಂತ ಮಂಕಾಗಿ ಕಂಡವು, ಅಂದ್ರೆ ಇನ್ನೂ ದೂರ ಇದ್ದವು, ಹಿಗ್ಗೋದು ನಿಧಾನ ಆಗೋ ಬದಲು ಜೋರಾಗ್ತಿದೆ ಅಂತ ಗೊತ್ತಾಯ್ತು. ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೂ 2011ರ ನೊಬೆಲ್ ಬಂತು.

ಈ ತಳ್ಳೋ ಶಕ್ತಿ ಹೀಗೇ ಒಂದೇ ಸಮ ಇದ್ರೆ ಕೊನೆ ಅಂದ್ರೆ ತಣ್ಣಗಾಗೋದು. ಕುಸಿತ ಆಗಬೇಕಾದ್ರೆ ಅದು ಕಮ್ಮಿಯಾಗಿ ತಿರುಗುಮುರುಗಾಗಬೇಕು. ಹರಿದುಹೋಗಬೇಕಾದ್ರೆ ಕಾಲ ಹೋದ ಹಾಗೆ ಹೆಚ್ಚಾಗ್ತಾ ಹೋಗಬೇಕು, ಅದಕ್ಕೆ ಬಲವಾದ ಪುರಾವೆ ಯಾರ ಹತ್ರನೂ ಇಲ್ಲ. ಇನ್ನೊಂದು ಇದೆ, ಹಿಗ್ಸ್ ಕ್ಷೇತ್ರ (ಎಲ್ಲಾ ಕಡೆ ಹರಡಿರೋ, ಕಣಗಳಿಗೆ ತೂಕ ಕೊಡೋ ಕ್ಷೇತ್ರ) ಇನ್ನೂ ಕೆಳಗಿನ ಸ್ಥಿತಿಗೆ ಜಾರಿ ಬೆಳಕಿನ ವೇಗದಲ್ಲಿ ಎಲ್ಲಾ ಅಳಿಸ್ಕೊಂಡು ಬರೋದು. ಬಂದ್ರೆ ಬರ್ತಿದೆ ಅಂತ ಗೊತ್ತಾಗೋಕೂ ಟೈಮ್ ಇರಲ್ಲ, ಹಾಗಾಗಿ ನಾನು ಅದರ ಬಗ್ಗೆ ತಲೆ ಕೆಡಿಸ್ಕೊಳ್ಳಲ್ಲ.

ಸುಮ್ನೆ_ಕೇಳ್ದೆ

ಅಬ್ಬಾ, 4.2 ಕೋಟಿಯಿಂದ ಹೊರಟು 1380 ಕೋಟಿ ವರ್ಷ ಅನ್ನೋದು ಓದಿ ತಲೆ ಗಿರ್ ಅಂತು, ಆದ್ರೆ ಅರ್ಥ ಆಯ್ತು, ಥ್ಯಾಂಕ್ಸ್. @ಕೆಂಪುಕುಬ್ಜ, ಡಾರ್ಕ್ ಎನರ್ಜಿ ಕಮ್ಮಿ ಆಗ್ತಿದೆ ಅಂತ ನ್ಯೂಸಲ್ಲಿ ಬಂದಿತ್ತಲ್ಲ? ಹಾಗಾದ್ರೆ ಕುಸಿತ ಗ್ಯಾರಂಟಿ ಅಂತಾನಾ?

ಕೆಂಪುಕುಬ್ಜ

ಅದು ಡೆಸಿ ಅನ್ನೋ ಯೋಜನೆಯದ್ದು. ಅಮೆರಿಕದ ಅರಿಜೋನಾದ ಕಿಟ್ ಪೀಕ್‌ನಲ್ಲಿ 4 ಮೀಟರ್ ದೂರದರ್ಶಕಕ್ಕೆ 5000 ಆಪ್ಟಿಕಲ್ ಫೈಬರ್ ಜೋಡಿಸಿದ್ದಾರೆ, ಪ್ರತಿ ಫೈಬರನ್ನೂ ಪುಟ್ಟ ರೋಬೋಟ್ ಒಂದೊಂದು ಗ್ಯಾಲಕ್ಸಿಗೆ ತಿರುಗಿಸುತ್ತೆ, ಒಂದೇ ಏಟಿಗೆ ಸಾವಿರಾರು ಗ್ಯಾಲಕ್ಸಿಗಳ ರೆಡ್‌ಶಿಫ್ಟ್ (ಬೆಳಕು ಎಷ್ಟು ಹಿಗ್ಗಿದೆ ಅನ್ನೋ ಅಳತೆ) ಸಿಗುತ್ತೆ. ಆದಿಕಾಲದ ಪ್ಲಾಸ್ಮಾದಲ್ಲಿ ಹರಡಿದ ಶಬ್ದದ ಅಲೆ ಬಿಟ್ಟುಹೋದ ಗುರುತು, ಈಗಿನ ಲೆಕ್ಕದಲ್ಲಿ ಸುಮಾರು 49 ಕೋಟಿ ಜ್ಯೋತಿರ್ವರ್ಷ ಉದ್ದದ್ದು, ಅದನ್ನೇ ಅಳತೆಕೋಲು ಮಾಡ್ಕೊಂಡು ಬೇರೆ ಬೇರೆ ಕಾಲದಲ್ಲಿ ಹಿಗ್ಗು ಎಷ್ಟಿತ್ತು ಅಂತ ನೋಡ್ತಾರೆ. 2024ರಲ್ಲಿ ಒಂದು ವರ್ಷದ ಡೇಟಾ, 2025 ಮಾರ್ಚ್‌ನಲ್ಲಿ ಮೂರು ವರ್ಷದ ಡೇಟಾ ಬಿಟ್ರು. ಅದನ್ನ ಸೂಪರ್‌ನೋವಾ ಮತ್ತು ಮೈಕ್ರೋವೇವ್ ಡೇಟಾ ಜೊತೆ ಸೇರಿಸಿದ್ರೆ ಡಾರ್ಕ್ ಎನರ್ಜಿ ಇತ್ತೀಚೆಗೆ ಸೊರಗ್ತಿರೋ ಹಾಗೆ ಕಾಣುತ್ತೆ, ಯಾವ ಸೂಪರ್‌ನೋವಾ ಪಟ್ಟಿ ತಗೋತೀರ ಅನ್ನೋದರ ಮೇಲೆ 2.8ರಿಂದ 4.2 ಸಿಗ್ಮಾ (ಇದು ಬರೀ ಆಕಸ್ಮಿಕ ಅಲ್ಲ ಅನ್ನೋ ಭರವಸೆಯ ಅಳತೆ). ಕಂಡುಹಿಡಿದ್ವಿ ಅನ್ನೋಕೆ 5 ಬೇಕು. ಪಟ್ಟಿ ಬದಲಾಯಿಸಿದ್ರೆ ಉತ್ತರ ಇಷ್ಟು ಅಲ್ಲಾಡುತ್ತೆ ಅಂದ್ರೆ ನನಗಂತೂ ಅನುಮಾನ ಸೂಪರ್‌ನೋವಾ ಪಟ್ಟಿ ಮೇಲೇ. ಕುಸಿತ ಗ್ಯಾರಂಟಿ ಅನ್ನೋದು ಹೆಡ್‌ಲೈನ್ ಬರೆಯೋರ ಕೈಚಳಕ, ಸೊರಗಿ ಸೊನ್ನೆ ಹತ್ರ ನಿಂತ್ರೂ ಹಿಗ್ಗೋದು ನಿಲ್ಲಲ್ಲ.

ದೂರದರ್ಶಕ_ಪ್ರಿಯ

ಅನುಮಾನ ಇರಲಿ, ಆದ್ರೆ ಅಷ್ಟು ಸಲೀಸಾಗಿ ತಳ್ಳಿಹಾಕೋ ಹಾಗಿಲ್ಲ. ಸೂಪರ್‌ನೋವಾ ಪೂರ್ತಿ ಬಿಟ್ಟು ಡೆಸಿ ಮತ್ತೆ ಮೈಕ್ರೋವೇವ್ ಎರಡೇ ಸೇರಿಸಿದ್ರೂ ಸುಮಾರು 3 ಸಿಗ್ಮಾ ಬರುತ್ತಲ್ಲ, ಅದಕ್ಕೇನಂತೀರಾ? 2023ರಲ್ಲಿ ಹಾರಿದ ಯೂಕ್ಲಿಡ್ ಅನ್ನೋ ಬಾಹ್ಯಾಕಾಶ ದೂರದರ್ಶಕ ಬೇರೆ ದಾರಿಯಿಂದ ಇದನ್ನೇ ಅಳೀತಿದೆ, ನೋಡೋಣ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು. ಈ ಪ್ರಶ್ನೆ ಕೇಳೋಕೆ ನಾವು ಒಳ್ಳೇ ಕಾಲದಲ್ಲಿದ್ದೀವಿ. 2007ರಲ್ಲಿ ಲಾರೆನ್ಸ್ ಕ್ರಾಸ್ ಮತ್ತು ರಾಬರ್ಟ್ ಶೆರರ್ ಒಂದು ಲೆಕ್ಕ ಕೊಟ್ಟಿದ್ರು. ಡಾರ್ಕ್ ಎನರ್ಜಿ ಒಂದೇ ಸಮ ಇದ್ರೆ ನಮ್ಮ ಗುಂಪಿನಾಚೆಯ ಗ್ಯಾಲಕ್ಸಿಗಳೆಲ್ಲಾ ಕಣ್ಮರೆ ಆಗುತ್ವೆ, ನಮ್ಮದು, ಆಂಡ್ರೋಮಿಡಾ, ಸುತ್ತಲಿನ ಚಿಕ್ಕಪುಟ್ಟವು ಇಷ್ಟೇ ಗುರುತ್ವಕ್ಕೆ ಕಟ್ಟುಬಿದ್ದು ಉಳಿಯೋದು. ಲಕ್ಷ ಕೋಟಿ ವರ್ಷದ ಹೊತ್ತಿಗೆ ಆ ಮೈಕ್ರೋವೇವ್ ಬೆಳಕು ಕೂಡ ಎಷ್ಟು ಹಿಗ್ಗಿರುತ್ತೆ ಅಂದ್ರೆ ಹಿಡಿಯೋಕೇ ಆಗಲ್ಲ. ಆಗಲೂ ಕೆಂಪು ಕುಬ್ಜ ಅನ್ನೋ ಚಿಕ್ಕ, ನಿಧಾನವಾಗಿ ಉರಿಯೋ ನಕ್ಷತ್ರಗಳು ಉರೀತಿರುತ್ವೆ, ಗ್ರಹಗಳೂ ಇರಬಹುದು, ಅಲ್ಲೊಬ್ಬ ಖಗೋಳ ವಿಜ್ಞಾನಿ ಎಷ್ಟೇ ಬುದ್ಧಿವಂತ ಆಗಿರಲಿ, ಅವನಿಗೆ ಬ್ರಹ್ಮಾಂಡ ಅಂದ್ರೆ ಒಂದೇ ಗ್ಯಾಲಕ್ಸಿ, ಸುತ್ತ ಕತ್ತಲು, ಹಿಗ್ಗೋದಕ್ಕೆ ಸಾಕ್ಷಿ ಏನೂ ಇಲ್ಲ. ಅಳತೆ ಸರಿ, ತರ್ಕ ಸರಿ, ತೀರ್ಮಾನ ಮಾತ್ರ ಪೂರ್ತಿ ತಪ್ಪು. ನಮಗೂ ಆಗಲೇ ಏನಾದ್ರೂ ಹೀಗೆ ಅಳಿಸಿಹೋಗಿದ್ರೆ ಗೊತ್ತಾಗೋದು ಹೇಗೆ ಅಂತ ಯೋಚಿಸಿದ್ರೆ ನಿದ್ದೆ ಬರಲ್ಲ.

ಸುಮ್ನೆ_ಕೇಳ್ದೆ

ಆ ಕೆಂಪು ಕುಬ್ಜಗಳೂ ಆರಿಹೋದ್ಮೇಲೆ? ಬ್ಲಾಕ್ ಹೋಲ್ ಕೂಡ ಆವಿ ಆಗುತ್ತೆ ಅಂತಾರಲ್ಲ, ಅದು ಈಗಲೇ ಆಗ್ತಿದ್ಯಾ?

ಲೆಕ್ಕದ_ಮೇಷ್ಟ್ರು

ಹೊಸ ನಕ್ಷತ್ರ ಹುಟ್ಟೋದು, ಇರೋದು ಉರಿಯೋದು ಎಲ್ಲಾ ಮುಗಿಯೋಕೆ 1ರ ಮುಂದೆ 14 ಸೊನ್ನೆ ಹಾಕಿದಷ್ಟು ವರ್ಷ. ಉಳಿಯೋದು ಬಿಳಿ ಕುಬ್ಜ, ನ್ಯೂಟ್ರಾನ್ ನಕ್ಷತ್ರ, ಬ್ಲಾಕ್ ಹೋಲ್‌ಗಳ ಬೂದಿ. ಪ್ರೋಟಾನ್ ಕೊಳೆಯುತ್ತೋ ಇಲ್ವೋ ಅನ್ನೋದರ ಮೇಲೆ ಆ ಬೂದಿಯ ಗತಿ ನಿಂತಿದೆ. ಜಪಾನಿನ ಸೂಪರ್ ಕಮಿಯೋಕಾಂಡೆ ಅನ್ನೋ ಪ್ರಯೋಗಾಲಯದಲ್ಲಿ 50,000 ಟನ್ ಶುದ್ಧ ನೀರು ತುಂಬಿ ವರ್ಷಾನುಗಟ್ಟಲೆ ಕಾದರೂ ಒಂದೂ ಕೊಳೆತಿದ್ದು ಕಂಡಿಲ್ಲ, ಅಂದ್ರೆ ಆಯಸ್ಸು 1ರ ಮುಂದೆ 34 ಸೊನ್ನೆ ವರ್ಷಕ್ಕಿಂತ ಹೆಚ್ಚು.

ಬ್ಲಾಕ್ ಹೋಲ್ ವಿಷಯಕ್ಕೆ, ಈಗ ಆವಿ ಆಗ್ತಿಲ್ಲ, ಉಲ್ಟಾ ದಪ್ಪ ಆಗ್ತಿವೆ. ಹಾಕಿಂಗ್ 1974ರಲ್ಲಿ ಹೇಳಿದ ಪ್ರಕಾರ ಸೂರ್ಯನಷ್ಟು ತೂಕದ ಬ್ಲಾಕ್ ಹೋಲಿನ ತಾಪ ಒಂದು ಕೆಲ್ವಿನ್ನಿನ ಕೋಟಿಯಲ್ಲಿ ಸುಮಾರು 0.6 ಭಾಗ. ಸುತ್ತಲಿನ ಆಕಾಶ 2.7 ಕೆಲ್ವಿನ್. ಬಿಸಿ ಇರೋ ಕಡೆಯಿಂದ ತಣ್ಣಗಿರೋ ಕಡೆಗೇ ಶಾಖ ಹೋಗೋದು, ಹಾಗಾಗಿ ಅದು ಬಿಡೋದಕ್ಕಿಂತ ನುಂಗೋದೇ ಜಾಸ್ತಿ. ಆಕಾಶ ಅದಕ್ಕಿಂತ ತಣ್ಣಗಾಗೋಕೆ ಸುಮಾರು ನಾಲ್ಕೂವರೆ ಕೋಟಿ ಪಟ್ಟು ಹಿಗ್ಗಬೇಕು, ಅಂದ್ರೆ 25 ಸಲ ಡಬಲ್. ಮುಂದಕ್ಕೆ ಒಂದು ಡಬಲ್‌ಗೆ ಅಂದಾಜು 1200 ಕೋಟಿ ವರ್ಷ, ಒಟ್ಟು 30,000 ಕೋಟಿ ವರ್ಷ. ಆವಿ ಆಗೋದು ಶುರು ಆಗೋದೇ ಆವಾಗ. ಅಲ್ಲಿಂದ ಪೂರ್ತಿ ಖಾಲಿ ಆಗೋಕೆ 1ರ ಮುಂದೆ 67 ಸೊನ್ನೆ ವರ್ಷ, ದೊಡ್ಡ ದೊಡ್ಡ ಗ್ಯಾಲಕ್ಸಿಗಳ ನಡುವಿರೋ ದೈತ್ಯ ಬ್ಲಾಕ್ ಹೋಲ್‌ಗಳಿಗೆ ಹತ್ತಿರಹತ್ತಿರ 100 ಸೊನ್ನೆ. ಮೇಲೆ ಹೇಳಿದ 30,000 ಕೋಟಿಯನ್ನ ಇದರ ಪಕ್ಕ ಇಟ್ರೆ ಕೂಡಿಸೋದೇ ಬೇಡ, ಬಿಟ್ಬಿಡಿ.