ರೆಕಾರ್ಡ್ ಹಾಕೋಕೂ ಮೊದ್ಲೇ ಗುಂಯ್ ಅಂತದೆ, ಎಲ್ಲಿಂದ ಹುಡುಕೋದು?

ಸೋಂದಾ ದಾರಿ (ಶಿರಸಿ):
ನಮಸ್ಕಾರ ಎಲ್ಲರಿಗೂ. ಅಪ್ಪಯ್ಯ ಕೂಡಿಟ್ಟ ಎಲ್‌ಪಿ ಒಂದು ಪೆಟ್ಟಿಗೆ ತುಂಬ ಇದ್ದಾವೆ, ಹೆಚ್ಚಿನವು ಹಿಂದೂಸ್ತಾನಿ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮನ್ಸೂರರದ್ದು, ತಳದಲ್ಲಿ ಒಂದಿಷ್ಟು 78ರ ತಟ್ಟೆ (ನಿಮಿಷಕ್ಕೆ 78 ಸುತ್ತಿನ ಹಳೇವು). ಇವನ್ನ ಕೇಳ್ಬೇಕು ಅಂತ್ಲೇ ಸೆಕೆಂಡ್ ಹ್ಯಾಂಡ್ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ ತಗೊಂಡಿದ್ದು. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿ ಇರೋ ಭಾಗ), ಅಲ್ಲಿಂದ ಸಣ್ಣ ಫೋನೋ ಪ್ರೀಆಂಪ್ (ಸೂಜಿಯ ಸಣ್ಣ ಸಿಗ್ನಲ್ ಎತ್ತೋ ಡಬ್ಬಿ), ಅಲ್ಲಿಂದ ಆಂಪ್ಲಿಫೈಯರ್. ಅದೇ ಆಂಪ್‌ಗೆ ಟೀವಿ ಸೆಟ್ ಟಾಪ್ ಬಾಕ್ಸಿಂದೂ ವೈರ್ ಹಾಕಿದೆ.

ಸಮಸ್ಯೆ ಎಂತ ಅಂದ್ರೆ ಫೋನೋಗೆ ತಿರುಗಿಸಿದ ಕೂಡ್ಲೆ ಗುಂಯ್ ಶುರು, ಸೂಜಿ ಇಡೋದೂ ಬೇಡ, ತಟ್ಟೆ ತಿರುಗೋದೂ ಬೇಡ, ವಾಲ್ಯೂಮ್ ಏರಿಸಿದಷ್ಟೂ ಅದೂ ಏರ್ತದೆ. ಬ್ಲೂಟೂತ್‌ಗೆ ಹಾಕಿದ್ರೆ ಪೂರಾ ಸೈಲೆಂಟ್. ಟೋನ್‌ಆರ್ಮ್ (ಸೂಜಿ ಹಿಡಿದ ತೋಳು) ಕೈಯಲ್ಲಿ ಮುಟ್ಟಿದ್ರೆ ಒಂಚೂರು ಕಮ್ಮಿ ಆಗ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡಿದ್ರೆ ಅದೇ ಸದ್ದು ಝರ್ರ್ ಅಂತ ಒರಟಾಗ್ತದೆ (ಮಳೆಗಾಲದಲ್ಲಿ ಈ ಪ್ರಯೋಗಕ್ಕೆ ಇಲ್ಲಿ ಅವಕಾಶ ಧಾರಾಳ). ಅಂಗಡಿಯವ್ರು ಒಬ್ರು ಒಳ್ಳೆ ಕೇಬಲ್ ಹಾಕಿ ಅಂತಾರೆ, ಅದರ ರೇಟು ಟರ್ನ್‌ಟೇಬಲ್‌ನ ಅರ್ಧ. ಇದಲ್ದೆ ಕೆಲವು ತಟ್ಟೆಲಿ ಚಟಪಟ ಬೇರೆ. ದುಡ್ಡು ಹಾಕೋಕೂ ಮೊದ್ಲು ಗೊತ್ತಿದ್ದೋರು ಹೇಳಿ.

ಕಾಳಿ ದಂಡೆ (ಕಾರವಾರ):
ಕೇಬಲ್ ಸದ್ಯಕ್ಕೆ ತಗೋಬೇಡಿ. ಮೊದ್ಲು ಇದು ಫೋನೋದಲ್ಲಿ ಮಾತ್ರ ಯಾಕೆ ಅಂತ ನೋಡಿ. ಸಿಡಿ ಪ್ಲೇಯರಿಂದ 2 ವೋಲ್ಟ್ ಸಿಗ್ನಲ್ ಬರ್ತದೆ, ನಿಮ್ಮ ಕಾರ್ಟ್ರಿಜ್‌ನಿಂದ ಬರೋದು 4-5 ಮಿಲಿವೋಲ್ಟ್, ಅಂದ್ರೆ ನಾನೂರರಲ್ಲಿ ಒಂದು ಪಾಲು. ಅದನ್ನ ಪ್ರೀಆಂಪ್ ಸುಮಾರು ನೂರು ಪಟ್ಟು ಎತ್ತಬೇಕು. ಅದರ ಮೇಲೆ ರೆಕಾರ್ಡ್ ಕೊರೆಯುವಾಗ ಗೆರೆ ಅಗಲ ಆಗ್ಬಾರ್ದು ಅಂತ ಬೇಸ್ ಕಮ್ಮಿ ಮಾಡಿರ್ತಾರೆ, ಅದನ್ನ ಪ್ರೀಆಂಪ್ ವಾಪಸ್ ತುಂಬ್ತದೆ, 1954ರಿಂದ ನಡ್ಕೊಂಡು ಬಂದ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ಲೆಕ್ಕ ಅದು. ನಮ್ಮ ಕರೆಂಟ್ 50 ಹರ್ಟ್ಸ್ ಅಲ್ವಾ, ಆ ಜಾಗದಲ್ಲಿ ಈ ತುಂಬೋದೇ ಮತ್ತೆ ಏಳು ಪಟ್ಟು. ಹಾಗಾಗಿ ವೈರಿಂಗ್‌ನಿಂದ ಒಂದು ಹನಿ ಒಳಗೆ ಸೇರಿದ್ರೂ ಸ್ಪೀಕರಲ್ಲಿ ಏಳುನೂರು ಪಟ್ಟಾಗಿ ಹೊರಗೆ ಬರ್ತದೆ, ಬ್ಲೂಟೂತ್‌ಗೆ ಇದ್ಯಾವ್ದೂ ತಾಗೋದೇ ಇಲ್ಲ.

ಮುಟ್ಟಿದ್ರೆ ಕಮ್ಮಿ ಆಗ್ತದೆ ಅಂದ್ರಲ್ಲ, ಅದು ಅರ್ಥ್ ವೈರಿನ ಗುರುತು. ಟರ್ನ್‌ಟೇಬಲ್ ಹಿಂದೆ ಆರ್‌ಸಿಎ (ಆಡಿಯೋ ಪಿನ್) ವೈರ್ ಜೊತೆ ತೆಳ್ಳಗಿನ ಒಂಟಿ ವೈರ್ ಇರ್ತದೆ, ತುದಿಗೆ ಕವೆ ತರದ ಪಟ್ಟಿ, ಅದನ್ನ ಪ್ರೀಆಂಪ್‌ನ ಜಿಎನ್‌ಡಿ (ಗ್ರೌಂಡ್) ಸ್ಕ್ರೂಗೆ ಬಿಗಿಬೇಕು. ಬಿಗಿದಿದ್ರೂ ಬಿಚ್ಚಿ ಕೆರೆದು ಮತ್ತೆ ಬಿಗೀರಿ. ರೇಗಾ ಕಂಪನಿ ಟೇಬಲ್ ಆಗಿದ್ರೆ ಆ ವೈರೇ ಇರಲ್ಲ, ಹುಡುಕ್ತಾ ಕೂರ್ಬೇಡಿ, ಅದ್ರಲ್ಲಿ ಆರ್‌ಸಿಎ ಮೂಲಕವೇ ಅರ್ಥ್ ಆಗಿರ್ತದೆ.

ನಮ್ಮ ಕಾರವಾರದಲ್ಲಿ ಉಪ್ಪುಗಾಳಿಗೆ ಆರ್‌ಸಿಎ ಪಿನ್ ಹಸಿರು ಕಿಲುಬು ಹಿಡಿತದೆ, ಶಿರಸಿಲಿ ಅಷ್ಟು ಇರ್ಲಿಕ್ಕಿಲ್ಲ, ಆದ್ರೂ ಸೆಕೆಂಡ್ ಹ್ಯಾಂಡ್ ಮಾಲು ಯಾವ ಊರಲ್ಲಿತ್ತೋ ಯಾರಿಗೆ ಗೊತ್ತು. ಹೆಡ್‌ಶೆಲ್ (ಕಾರ್ಟ್ರಿಜ್ ಕೂರೋ ಜಾಗ) ಒಳಗಿನ ನಾಲ್ಕು ಸಣ್ಣ ವೈರೂ ನೋಡಿ, ಬಿಳಿ ನೀಲಿ ಎಡಕ್ಕೆ, ಕೆಂಪು ಹಸಿರು ಬಲಕ್ಕೆ. ಒಂದೇ ಸ್ಪೀಕರಲ್ಲಿ ಗುಂಯ್ ಜೋರಿದ್ರೆ ಅಲ್ಲೇ ಎಲ್ಲೋ ಸಡಿಲ ಆಗಿರ್ತದೆ. ಬಿಚ್ಚೋದು ಹಾಕೋದು ಏನಿದ್ರೂ ವಾಲ್ಯೂಮ್ ಪೂರ್ತಿ ಇಳಿಸಿ ಮಾಡಿ, ಇಲ್ದಿದ್ರೆ ಸ್ಪೀಕರ್ ಹೋಗ್ತದೆ.

ಗೋಕರ್ಣ ಗುಡುಗು:
ಇಷ್ಟೆಲ್ಲ ಯಾಕೆ ಮಾರಾಯ್ರೆ, ಆಂಪ್ ಪ್ಲಗ್ಗಿನ ಮೇಲಿನ ದಪ್ಪ ಪಿನ್ ತೆಗೆದುಬಿಡಿ, ಇಲ್ಲಾ ಟೂ ಪಿನ್ ಅಡಾಪ್ಟರ್ ಹಾಕಿ. ನಮ್ಮ ಸೌಂಡ್ ಸರ್ವಿಸ್ ಹುಡುಗ್ರು ಹಂಗೇ ಮಾಡೋದು, ಎರಡು ನಿಮಿಷದ ಕೆಲಸ.

ರೇಡಿಯೋ ರಿಪೇರಿ (ಯಲ್ಲಾಪುರ):
ಗುಡುಗು ಅವ್ರೆ, ಸದ್ದು ನಿಲ್ಬಹುದು, ಇಲ್ಲ ಅನ್ನಲ್ಲ. ಆದ್ರೆ ಆಂಪ್ ಒಳಗೆ ಟ್ರಾನ್ಸ್‌ಫಾರ್ಮರ್ ಸೋರಿ 230 ವೋಲ್ಟ್ ಬಾಡಿಗೆ ಬಂತು ಅಂದ್ರೆ ಅದನ್ನ ಭೂಮಿಗೆ ಇಳಿಸೋದು ಆ ದಪ್ಪ ಪಿನ್ ಒಂದೇ. ಅದು ಇಲ್ದೆ ಆರ್‌ಸಿಎ ಹೊರಮೈಯಿಂದ ಟೋನ್‌ಆರ್ಮ್ ತನಕ ಕರೆಂಟ್ ನಿಂತಿರ್ತದೆ, ಸೂಜಿ ಎತ್ತೋಕೆ ಕೈ ಹಾಕಿದೋರ ಗತಿ? ಮಳೆಗಾಲದ ಥಂಡಿ ನೆಲದ ಮೇಲೆ ಬರಿಗಾಲು ಬೇರೆ. ದಯವಿಟ್ಟು ಯಾರೂ ಮಾಡ್ಬೇಡಿ.

ಸೋಂದಾ ತಮ್ಮ, ನಂಗೆ ಅನುಮಾನ ನಿನ್ನ ಟೀವಿ ಮೇಲೆ. ಕೇಬಲ್ ಟೀವಿ ವೈರಿನ ಹೊರ ಜಾಳಿಗೆ ಎಲ್ಲೋ ಕಂಬದ ಹತ್ರ ಬೇರೆ ಕಡೆ ಅರ್ಥ್ ಆಗಿರ್ತದೆ, ನಿನ್ನ ಆಂಪ್ ಮನೆ ಅರ್ಥ್ ಗುಂಡಿಗೆ. ಎರಡು ಅರ್ಥ್ ನಡುವೆ ಸಣ್ಣ ವ್ಯತ್ಯಾಸ ಇದ್ದೇ ಇರ್ತದೆ, ಅದು ನಿನ್ನ ಆಡಿಯೋ ವೈರಿನ ಹೊರಮೈ ಹಿಡ್ಕೊಂಡು ಹರಿತದೆ. ಇದಕ್ಕೇ ಗ್ರೌಂಡ್ ಲೂಪ್ ಅನ್ನೋದು. ಪರೀಕ್ಷೆ ಸುಲಭ, ಸೆಟ್ ಟಾಪ್ ಬಾಕ್ಸಿಗೆ ಬರೋ ದಪ್ಪ ಕೇಬಲ್ ತಿರುಪಿ ತೆಗಿ, ಸ್ವಿಚ್ ಆಫ್ ಮಾಡಿದ್ರೆ ಸಾಲ್ದು, ವೈರೇ ತೆಗಿಬೇಕು. ಆಮೇಲೆ ಟರ್ನ್‌ಟೇಬಲ್, ಪ್ರೀಆಂಪ್, ಆಂಪ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕು.

ಹಂಗೇ ಮಲ್ಟಿಮೀಟರ್ ಇದ್ರೆ ಸಾಕೆಟ್ಟಲ್ಲಿ ನ್ಯೂಟ್ರಲ್-ಅರ್ಥ್ ನಡುವೆ ನೋಡು, ಎರಡು-ಮೂರು ವೋಲ್ಟ್ ಒಳಗಿದ್ರೆ ಚಿಂತೆ ಇಲ್ಲ, ಹತ್ತಿಪ್ಪತ್ತು ತೋರಿಸಿದ್ರೆ ಎಲೆಕ್ಟ್ರಿಷಿಯನ್ ಕರೆಸು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಲಿ ಪೂರಾ ಒಣಗ್ತದೆ, ಅರ್ಥ್ ಗುಂಡಿಗೆ ಇದ್ದಿಲು ಉಪ್ಪು ಹಾಕಿದ್ರೂ ಏಪ್ರಿಲ್ ಮೇನಲ್ಲಿ ನಾಲ್ಕು ಕೊಡ ನೀರು ಹೊಯ್ಯೋರು ಯಾರೂ ಇಲ್ಲ. ಇದು ಗುಂಯ್‌ಗೆ ಅಂತ ಅಲ್ಲ, ಜೀವಕ್ಕೆ.

ಇನ್ವರ್ಟರಲ್ಲಿ ಒರಟಾಗೋದು ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರೆ ಸಹಜ, ಅಲೆ ಚೌಕ ಆದಷ್ಟೂ ಮೇಲಿನ ಸ್ವರ ಸೇರ್ತಾ ಹೋಗ್ತವೆ. ನಿನ್ನ ಹತ್ರ ಹಾರ್ಮೋನಿಯಮ್ ಇದ್ರೆ ತಾಳೆ ಹಾಕಿ ನೋಡು, 50 ಹರ್ಟ್ಸ್ ಅಂದ್ರೆ ಬಿಳಿ ಐದರ (ಐದನೇ ಬಿಳಿ ಮನೆ) ಹತ್ರ, ಒಂದು ಕೂದಲೆಳೆ ಮೇಲೆ. ಆ ಸ್ವರ ಸಿಕ್ಕಿದ್ರೆ ಸದ್ದು ಕರೆಂಟಿಂದು ಅಂತ ಖಾತ್ರಿ. ಬೇರೆ ಸ್ವರ ಬಂದ್ರೆ ಹುಡುಕೋ ಜಾಗವೇ ಬೇರೆ.

ಅಂಕೋಲೆ ಅಕ್ಕ:
ಚಟಪಟದ ಬಗ್ಗೆ ಯಾರೂ ಹೇಳ್ಲಿಲ್ಲ. ಅದಕ್ಕೂ ಗುಂಯ್‌ಗೂ ಸಂಬಂಧ ಇಲ್ಲ ತಮ್ಮಾ, ಅದು ತಟ್ಟೆ ಮೇಲಿನ ಬೂಸ್ಟು. ಬೆಳಕಿಗೆ ಓರೆ ಹಿಡಿದು ನೋಡು, ಬಿಳಿ ಬಿಳಿ ಚುಕ್ಕೆ ಕಾಣ್ತದೆ. ಎಲ್‌ಪಿ ಆದ್ರೆ ಡಿಸ್ಟಿಲ್ಡ್ ವಾಟರಿಗೆ ಸ್ವಲ್ಪ ಐಸೋಪ್ರೊಪೈಲ್ ಸ್ಪಿರಿಟ್ ಸೇರಿಸಿ ಮೆತ್ತಗಿನ ಬಟ್ಟೆಲಿ ಗೆರೆ ಹೋದ ದಿಕ್ಕಿಗೇ ಒರೆಸು, ನಡುವಿನ ಕಾಗದಕ್ಕೆ ನೀರು ತಾಗ್ಬಾರ್ದು. ಬಾವಿ ನೀರು ಬೇಡ, ಒಣಗಿದ್ ಮೇಲೆ ಗೆರೆಲಿ ಕಸ ಉಳಿತದೆ. ಬಿಸಿಲಿಗೆ ಇಟ್ರಂತೂ ಹಪ್ಪಳ ಆಗ್ತದೆ.

78ರ ತಟ್ಟೆಗೆ ಮಾತ್ರ ಅದೇ ನೀರು ಹಾಕ್ಬೇಡ! ಅವು ಅರಗಿಂದು, ಸ್ಪಿರಿಟ್ ತಾಗಿದ್ರೆ ಕರಗ್ತವೆ. ಅವಕ್ಕೆ ಬರೀ ಡಿಸ್ಟಿಲ್ಡ್ ವಾಟರ್, ಬೇಗ ಒರೆಸಿಬಿಡು. ಇನ್ನು ಒಂದು, ಪೆಟ್ಟಿಗೆ ಎಲ್ಲಿತ್ತು? ನಿಮ್ಮ ಕಡೆ ಎಲ್ಲಾ ಅಟ್ಟದ ಮೇಲೆ ಇಡ್ತೀರಿ, ಒಲೆ ಹೊಗೆ ಮಸಿ ಕೂತಿದ್ರೆ ಒಂದು ಸಲ ಒರೆಸಿದ್ರೆ ಹೋಗೋದಲ್ಲ. ಪ್ಲಾಸ್ಟಿಕ್ ಕವರೊಳಗೆ ಹಸಿ ಇರುವಾಗ ತುಂಬ್ಬೇಡ, ನಿಲ್ಲಿಸಿ ಇಡು, ಮಲಗಿಸಿ ಪೇರಿಸ್ಬೇಡ.

ಸೋಂದಾ ದಾರಿ (ಶಿರಸಿ):
ಎಲ್ಲರಿಗೂ ಥ್ಯಾಂಕ್ಸ್. ಯಲ್ಲಾಪುರದ ಅಣ್ಣ ಹೇಳಿದ್ದೇ ಸೈ, ಟೀವಿ ಕೇಬಲ್ ತಿರುಪಿ ತೆಗೆದದ್ದೇ ತಡ ಮುಕ್ಕಾಲು ಸದ್ದು ಹೋಯ್ತು, ಮನೆಯವ್ರ ಧಾರಾವಾಹಿಯೂ ಹೋಯ್ತು, ಆ ಗುಂಯ್ ಈಗ ಅಡುಗೆಮನೆಯಿಂದ ಬರ್ತಾ ಇದೆ. ಜಿಎನ್‌ಡಿ ಸ್ಕ್ರೂ ಕೆರೆದು ಬಿಗಿದ್ಮೇಲೆ ಟೋನ್‌ಆರ್ಮ್ ಮುಟ್ಟಿದ್ರೂ ಬದಲಾವಣೆ ಇಲ್ಲ. ಉಳಿದಿದ್ದು ವಿಚಿತ್ರ, ಸೂಜಿ ಹೊರ ಅಂಚಲ್ಲಿದ್ದಾಗ ಏನೂ ಇಲ್ಲ, ಒಳಗೆ ಲೇಬಲ್ ಹತ್ರ ಹೋಗ್ತಾ ಹೋಗ್ತಾ ಮೆಲ್ಲಗೆ ಗುಂ ಅಂತದೆ. ಆಂಪ್ ಇರೋದು ಟರ್ನ್‌ಟೇಬಲ್ಲಿನ ಕೆಳಗಿನ ಹಲಗೆಲಿ, ಒಂದು ಗೇಣು ಅಂತರ. ಪೆಟ್ಟಿಗೆ ಅಟ್ಟದ ಮೇಲೇ ಇತ್ತು ಅಕ್ಕ, ಹೆಂಗೆ ಗೊತ್ತಾಯ್ತು ನಿಂಗೆ.

ಕಾಳಿ ದಂಡೆ (ಕಾರವಾರ):
ಉತ್ತರ ನೀವೇ ಕೊಟ್ರಿ. ಆಂಪ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಸೀದಾ ಮೇಲಕ್ಕೆ ಕಾರ್ಟ್ರಿಜ್ ಒಳಗಿನ ಕಾಯಿಲ್‌ಗೆ ಬಡೀತಾ ಇದೆ. ಸೂಜಿ ಒಳಗೆ ಹೋದಂಗೆ ಅದರ ತಲೆ ಮೇಲೇ ಬರ್ತದೆ. ಇದಕ್ಕೆ ಎಷ್ಟು ದುಬಾರಿ ಕೇಬಲ್ಲೂ ಕೆಲಸ ಮಾಡಲ್ಲ, ದೂರ ಇಡೋದೇ ಮದ್ದು. ಆಂಪನ್ನ ಪಕ್ಕಕ್ಕೆ ಎರಡು-ಮೂರು ಅಡಿ ಸರಿಸಿ, ಪ್ರೀಆಂಪ್ ಅಡಾಪ್ಟರನ್ನೂ ಟೋನ್‌ಆರ್ಮ್ ವೈರಿಂದ ದೂರ ಇಡಿ. ಸರಿಸಿದ್ರೂ ಹೋಗ್ಲಿಲ್ಲ ಅಂದ್ರೆ ಟರ್ನ್‌ಟೇಬಲ್ಲಿನ ಸ್ವಂತ ಮೋಟಾರ್ ನೋಡ್ಬೇಕಾಗ್ತದೆ, ಅದನ್ನ ಆಫ್ ಮಾಡಿ ಸೂಜಿ ಎತ್ತಿ ಕೈಯಲ್ಲೇ ಆರ್ಮ್ ಒಳಗೆ ತಂದು ಕೇಳಿ.

ರೇಡಿಯೋ ರಿಪೇರಿ (ಯಲ್ಲಾಪುರ):
ಧಾರಾವಾಹಿಗೆ ದಾರಿ ಇದೆ, ಕೇಬಲ್ ಬಾಕ್ಸಿಗೆ ಸೇರೋ ಜಾಗದಲ್ಲಿ ಹಾಕೋ ಸಣ್ಣ ಐಸೋಲೇಟರ್ ಸಿಗ್ತದೆ, ಸಿಗ್ನಲ್ ಬಿಡ್ತದೆ, ಅರ್ಥ್ ಬಿಡಲ್ಲ. ಅದು ಸಿಗೋ ತನಕ ಬಾಕ್ಸಿಂದ ಆಂಪಿಗೆ ಬರೋ ಆಡಿಯೋ ವೈರ್ ತೆಗೆದಿಡು, ಟೀವಿ ಅದರ ಸ್ವಂತ ಸ್ಪೀಕರಲ್ಲಿ ಮಾತಾಡ್ಲಿ. ಆಡಿಯೋ ಲೈನಿಗೆ ಹಾಕೋ ಐಸೋಲೇಶನ್ ಟ್ರಾನ್ಸ್‌ಫಾರ್ಮರೂ ಮಾರ್ತಾರೆ, ಅದನ್ನ ಟರ್ನ್‌ಟೇಬಲ್-ಪ್ರೀಆಂಪ್ ನಡುವೆ ಮಾತ್ರ ಹಾಕ್ಬೇಡ, ಅಲ್ಲಿ ಹಾಕಿದ್ರೆ ಅದೇ ಗುಂಯ್ ಹಿಡಿತದೆ.

ಸೋಂದಾ ದಾರಿ (ಶಿರಸಿ):
ಆಂಪ್ ಕಿಟಕಿ ಕಟ್ಟೆ ಮೇಲೆ ಹೋಯ್ತು, ಸದ್ದು ಪೂರ್ತಿ ನಿಂತ್ತು. ಆಡಿಯೋ ವೈರ್ ತೆಗೆದು ಟೀವಿ ಕೇಬಲ್ ವಾಪಸ್ ಹಾಕಿಯಾಯ್ತು. ಈಗ ಬರೀ ಚಟಪಟ, ಅಕ್ಕನ ಪ್ರಕಾರ ಒಂದೊಂದೇ ಒರೆಸ್ತಾ ಇದ್ದೇನೆ. 78ರ ತಟ್ಟೆಗಳನ್ನ ಇದ್ರಲ್ಲೇ ಹಾಕ್ಬಹುದಾ? ಸ್ಪೀಡ್ 33, 45 ಎರಡೇ ಇದೆ.

ರೇಡಿಯೋ ರಿಪೇರಿ (ಯಲ್ಲಾಪುರ):
ಬೇಡ. ಎಲ್‌ಪಿ ಸೂಜಿ ತುದಿ 0.7 ಮಿಲ್ (ಮಿಲ್ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು), 78ರ ಗೆರೆಗೆ 3 ಮಿಲ್ ಬೇಕು, ಸಣ್ಣ ಸೂಜಿ ತಳಕ್ಕೆ ಇಳಿದು ಬರೀ ಕೆರೆತ ಕೇಳಿಸ್ತದೆ, ಸೂಜಿಯೂ ಹಾಳು. 78 ಸ್ಪೀಡ್ ಇರೋ ಟೇಬಲ್ ಸಿಕ್ಕಿದ್ಮೇಲೆ ನಿನ್ನ ಕಾರ್ಟ್ರಿಜ್ ಮಾಡೆಲ್ ಹಾಕು, ಅದಕ್ಕೆ 78ರ ಸೂಜಿ ಬರ್ತದಾ ನೋಡಿ ಹೇಳ್ತೇನೆ.